ಕೇಮನ್ ದ್ವೀಪದ ಒಂದು ಶೇರು, ನಮ್ಮ ಅಮ್ಮಂದಿರ ಎಫ್.ಡಿ.

ಮುಂಬೈಯಲ್ಲಿ ಮೊದಮೊದಲು ಮೊಬೈಲ್ ಹಿಡಿದವರಿಗೆ ನೆನಪಿರಬಹುದು. ಮೊದಲು ಮ್ಯಾಕ್ಸ್ ಟಚ್ ಅಂತಿತ್ತು, ಆಮೇಲೆ ಆರೆಂಜ್ ಆಯಿತು, ಆಮೇಲೆ ಆ ನಾಯಿಮರಿಯ ಹಚ್. 2007ರಲ್ಲಿ ಅದೇ ವೊಡಾಫೋನ್. ನಮ್ಮ ನಂಬರ್ ಬದಲಾಗಲಿಲ್ಲ, ಬಣ್ಣ ಮಾತ್ರ ಕೆಂಪಾಯಿತು. ಕಂಪೆನಿ ಮಾರಾಟವಾಯಿತು ಅಂತ ನಾವೆಲ್ಲ ಅಂದುಕೊಂಡೆವು. ಆದರೆ ಕಾಗದದ ಮೇಲೆ ಇಲ್ಲಿ ಏನೂ ಮಾರಾಟವಾಗಿರಲೇ ಇಲ್ಲ!

ಮಾರಾಟವಾದದ್ದು ಕೇಮನ್ ದ್ವೀಪದ ಸಿಜಿಪಿ ಎಂಬ ಕಂಪೆನಿಯ ಒಂದೇ ಒಂದು ಶೇರು. ಹಾಂಕಾಂಗಿನ ಹಚಿಸನ್ ಗುಂಪು ಮಾರಿತು, ವೊಡಾಫೋನಿನ ನೆದರ್‌ಲ್ಯಾಂಡ್ಸ್ ಕಂಪೆನಿ ಕೊಂಡಿತು. ಬೆಲೆ ಸುಮಾರು 1,100 ಕೋಟಿ ಡಾಲರ್. ಆ ಶೇರಿನ ಹಿಂದೆ ಮಾರಿಷಸ್ ಮುಂತಾದ ಕಡೆಯ ಕಂಪೆನಿಗಳ ಸರಪಳಿ, ಅದರ ತುದಿಯಲ್ಲಿ ನಮ್ಮ ಹಚಿಸನ್ ಎಸ್ಸಾರಿನ ಶೇಕಡಾ 67ರಷ್ಟು ಪಾಲು. ಟವರು ಇಲ್ಲಿ, ಗಿರಾಕಿ ಇಲ್ಲಿ, ಮಾರಾಟ ಮಾತ್ರ ಸಮುದ್ರದಾಚೆ.

ಆದಾಯ ತೆರಿಗೆಯವರು ಹಿಡಿದದ್ದು ಮಾರಿದವರನ್ನಲ್ಲ, ಕೊಂಡವರನ್ನು. ಹಣ ಕೊಡುವಾಗ ನೀವು ಟಿಡಿಎಸ್ ಕಟ್ ಮಾಡಬೇಕಿತ್ತು ಅಂತ. ಬೇಡಿಕೆ ಸುಮಾರು 11,000 ಕೋಟಿ ರೂಪಾಯಿ.

ಟಿಡಿಎಸ್ ಅಂದ ಕೂಡಲೇ ಬ್ಯಾಂಕಿನವನಾದ ನನ್ನ ಕಿವಿ ನೆಟ್ಟಗಾಯಿತು. ಅದೇ 2007ರ ಜೂನ್‌ನಿಂದ ಎಫ್.ಡಿ. ಬಡ್ಡಿ ವರ್ಷಕ್ಕೆ 10,000 ದಾಟಿದರೆ ನಾವು ತೆರಿಗೆ ಮುರಿದುಕೊಳ್ಳಬೇಕಿತ್ತು. ಕೌಂಟರಿಗೆ ಬರುತ್ತಿದ್ದ ನಮ್ಮೂರ ಕಡೆಯ ಒಬ್ಬರು ಅಮ್ಮ, ಹೋಟೆಲಿನಲ್ಲಿ ದುಡಿದು ತೀರಿಹೋದ ಗಂಡನ 3 ಲಕ್ಷ ಇಟ್ಟಿದ್ದರು. 27,000 ಬಡ್ಡಿಯಲ್ಲಿ 2,700ಕ್ಕೂ ಮೇಲೆ ಹೋಯಿತು. "ನನಗೆ ಎಂಥ ಆದಾಯ ಮಾರಾಯ್ರೇ?" ಅಂದರು. ಅವರ ಮಾತು ಸರಿಯೇ, ಅವರು ಕೊಡಬೇಕಾದ ತೆರಿಗೆ ಸೊನ್ನೆ. ಆದರೆ ಆ ವರ್ಷದ 15ಎಚ್ ಫಾರಂ ಕೊಟ್ಟಿರಲಿಲ್ಲ. ನಾವು ಕಟ್ ಮಾಡದಿದ್ದರೆ ಕಾನೂನಿನ ಪ್ರಕಾರ ಬ್ಯಾಂಕೇ ತಪ್ಪಿತಸ್ಥ. ರಿಟರ್ನ್ ತುಂಬಿ ವಾಪಸು ತರಿಸಿಕೊಳ್ಳಿ ಅಂತ ಹೇಳಿದೆ, ಬೇರೆ ಏನು ಹೇಳಲಿ?

ಅತ್ತ ವೊಡಾಫೋನ್ 2010ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಸೋತಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಮುಖ್ಯ ನ್ಯಾಯಮೂರ್ತಿ ನಮ್ಮ ಮುಂಬೈಯವರೇ ಆದ ಎಸ್.ಎಚ್. ಕಪಾಡಿಯಾ. ಎರಡು ವಿದೇಶಿ ಕಂಪೆನಿಗಳ ನಡುವಿನ ಈ ವ್ಯವಹಾರಕ್ಕೆ ಇಲ್ಲಿ ತೆರಿಗೆ ಹಾಕಲು ಇಲಾಖೆಗೆ ಅಧಿಕಾರವಿಲ್ಲ ಅಂತ ತೀರ್ಪು. ಠೇವಣಿ ಇಟ್ಟಿದ್ದ 2,500 ಕೋಟಿಯನ್ನು ಬಡ್ಡಿ ಸಮೇತ ಹಿಂದಿರುಗಿಸಿ ಅಂತ ಆದೇಶ. ಕೋರ್ಟನ್ನು ನಾನು ದೂರುವುದಿಲ್ಲ. ತೆರಿಗೆ ಕದಿಯುವುದು ಬೇರೆ, ತೆರಿಗೆ ಬೀಳದ ಹಾಗೆ ವ್ಯವಹಾರ ಹೆಣೆಯುವುದು ಬೇರೆ. ಕಾನೂನಿನ ಆ ಸಂದು ಮುಚ್ಚಬೇಕಾದವರು ಸರಕಾರದವರು. ಅವರು ಮುಚ್ಚಿದ್ದಾದರೂ ಹೇಗೆ? ಅದೇ 2012ರಲ್ಲಿ ಪ್ರಣಬ್ ಮುಖರ್ಜಿ 1962ರಿಂದಲೇ ಅನ್ವಯವಾಗುವಂತೆ ತಿದ್ದುಪಡಿ ತಂದರು. ಆಟ ಮುಗಿದ ಮೇಲೆ ನಿಯಮ ಬದಲಿಸಿದ ಹಾಗೆ. 2020ರಲ್ಲಿ ಹೇಗ್‌ನ ಮಧ್ಯಸ್ಥಿಕೆಯಲ್ಲಿ ಭಾರತ ಸೋತಿತು, 2021ರಲ್ಲಿ ಹಳೇ ವ್ಯವಹಾರಗಳ ಮೇಲಿನ ಬೇಡಿಕೆಯನ್ನೇ ಕೈಬಿಟ್ಟರು.

ಈ ಮಧ್ಯೆ 2019ರಲ್ಲಿ, ವಿನಾಯಿತಿ ಬಿಟ್ಟುಕೊಡುವ ಕಂಪೆನಿಗಳಿಗೆ ತೆರಿಗೆ ದರ ಶೇಕಡಾ 22ಕ್ಕೆ ಇಳಿಯಿತು. ದರ ಕಡಿಮೆಯಾದರೆ ತಪ್ಪಿಸುವ ಗೋಜು ಕಡಿಮೆ ಎಂಬ ವಾದವೂ ಇದೆ, ಇರಲಿ. 2023-24ರಲ್ಲಿ ಕಂಪೆನಿಗಳಿಂದ ಬಂದ ತೆರಿಗೆ 9.11 ಲಕ್ಷ ಕೋಟಿ, ನಿಮ್ಮ ನಮ್ಮಂಥವರ ಆದಾಯ ತೆರಿಗೆ 10.44 ಲಕ್ಷ ಕೋಟಿ. ನಮ್ಮದರಲ್ಲಿ ಎಷ್ಟೋ ಪಾಲು ಪಗಾರ ಕೈಗೆ ಬರುವ ಮೊದಲೇ ಹೋದದ್ದು.