ಆಡು ಕಾಯುವ ಮಾಂತ್ರಿಕ



ಈ ತಿಂಗಳ ಗೋಡೆ ಪತ್ರಿಕೆಗೆ ‘ನಾನು ಮೆಚ್ಚಿದ ಪುಸ್ತಕ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ಮೆಚ್ಚಿದ ಪುಸ್ತಕವನ್ನು ನಾನು ಓದಿಯೇ ಇಲ್ಲ, ಕೇಳಿದ್ದೇನೆ ಅಷ್ಟೆ. ಅದು ಇಂಗ್ಲೀಷಿನಲ್ಲಿದೆ. ಶನಿವಾರದ ಮುಂಜಾನಿ ಸಾಲಿಯಲ್ಲಿ ಕೊನೆಯ ಪಿರಿಯಡ್ಡಿಗೆ ಇಂಗ್ಲೀಷ್ ಸರ್ ಅದನ್ನು ಐದು ವಾರ ನಮಗೆ ಕನ್ನಡದಲ್ಲಿ ಹೇಳಿದರು. ನೀವೂ ಕೇಳಿದ್ದೀರಿ. ಆದರೆ ನೀವು ಕೇಳಿ ಮನೆಗೆ ಹೋದಿರಿ, ನನಗೆ ಅದು ಬೆನ್ನು ಹತ್ತಿತು.

ಮೊದಲು ನಮಗೆ ಗೊತ್ತಿದ್ದ ಮಾಂತ್ರಿಕನೆಂದರೆ ಕುವೆಂಪು ಅವರ ಕಿಂದರಿಜೋಗಿ. ನಮ್ಮ ಹಾನಗಲ್ಲ ತಾಲ್ಲೂಕಿನಲ್ಲಿ ಬೊಮ್ಮನಹಳ್ಳಿ ಇರುವುದರಿಂದ ಆ ಇಲಿಗಳೆಲ್ಲ ನಮ್ಮವೇ ಎಂದು ಸಣ್ಣವರಿದ್ದಾಗ ಜಗಳ ಮಾಡಿದ್ದೆವು. ಕವಿತೆಯ ಊರು ತುಂಗೆಯ ದಂಡೆಯದು, ಮೂಲ ಕಥೆ ಜರ್ಮನಿಯ ಹ್ಯಾಮೆಲಿನ್ ಊರಿನದು, ಬ್ರೌನಿಂಗ್ ಎಂಬ ಕವಿ ಅದನ್ನು ಇಂಗ್ಲೀಷಿನಲ್ಲಿ ಬರೆದಿದ್ದ ಎಂದು ತಿಳಿದಾಗ ಮುಖ ಸಣ್ಣದಾಯಿತು. ಆದರೆ ಕಿಂದರಿಜೋಗಿ ಬರುವಾಗಲೇ ಎಲ್ಲ ಕಲಿತು ಬಂದವನು. ಅವನು ಸಣ್ಣವನಿದ್ದಾಗ ಏನಾಯಿತು, ಮೊದಲ ಸಲ ಕಿಂದರಿ ಬಾರಿಸಿದಾಗ ಅಂಜಿದನೋ ಇಲ್ಲವೋ, ಯಾರೂ ಹೇಳುವುದಿಲ್ಲ.

ಸರ್ ಹೇಳಿದ ಪುಸ್ತಕದಲ್ಲಿ ಅದೇ ಇದೆ. ಹೆಸರು ‘ಎ ವಿಝಾರ್ಡ್ ಆಫ್ ಅರ್ಥ್‌ಸೀ’. ಬರೆದವರು ಅಮೆರಿಕದ ಉರ್ಸುಲಾ ಲೆ ಗ್ವಿನ್ ಎಂಬ ತಾಯಿ, 1968ರಲ್ಲಿ. ಅವರು 2018ರಲ್ಲಿ ತೀರಿಕೊಂಡರು. ಸುತ್ತಲೂ ಸಮುದ್ರ, ನಡುವೆ ನೂರಾರು ದ್ವೀಪ. ಒಂದು ದ್ವೀಪದ ಗುಡ್ಡದ ಹಳ್ಳಿಯಲ್ಲಿ ಒಬ್ಬ ಹುಡುಗ. ತಾಯಿ ಇಲ್ಲ, ತಂದೆ ಕಂಚುಗಾರ. ಹುಡುಗನ ಬಣ್ಣ ನಮ್ಮ ಹಾಗೆ ಕಂದು, ಲೇಖಕಿ ಬೇಕಂತಲೇ ಹಾಗೆ ಬರೆದರಂತೆ. ಅವನ ಕೆಲಸ ಆಡು ಕಾಯುವುದು. ಒಂದು ದಿನ ಅವನ ತಾಯಿಯ ಅಕ್ಕನೋ ತಂಗಿಯೋ ಒಬ್ಬಳು, ಮಂತ್ರ ಬಲ್ಲವಳು, ಹುಲ್ಲಿನ ಮಾಡು ಏರಿದ ಆಡನ್ನು ಒಂದೇ ಮಾತಿನಿಂದ ಕೆಳಗಿಳಿಸುತ್ತಾಳೆ. ಮರುದಿನ ಇವನು ಗುಡ್ಡದಲ್ಲಿ ಅದೇ ಮಾತನ್ನು ಒದರುತ್ತಾನೆ. ಆಡುಗಳೆಲ್ಲ ಸಪ್ಪಳಿಲ್ಲದೆ ಬಂದು ಅವನನ್ನು ಒತ್ತಿ ನಿಲ್ಲುತ್ತವೆ. ಹುಡುಗ ಹೆದರಿ ಊರಿಗೆ ಓಡುತ್ತಾನೆ, ಅವೂ ಗುಂಪುಗಟ್ಟಿ ಹಿಂದೆ ಓಡುತ್ತವೆ. ಕರೆಯುವುದು ಗೊತ್ತು, ಬಿಡಿಸುವುದು ಗೊತ್ತಿಲ್ಲ. ಆಗ ಅವನಿಗೆ ಏಳು ವರ್ಷ.

ಇದನ್ನು ಕೇಳಿದಾಗ ನೀವೆಲ್ಲ ನನ್ನ ಕಡೆ ಹೊಳ್ಳಿ ನಕ್ಕಿರಿ. ಯಾಕೆಂದರೆ ನಮ್ಮ ದೊಡ್ಡವ್ವ ಆಡು ಕಾಯುತ್ತಾಳೆ. ಧರ್ಮಾ ಕಾಲುವೆಯ ದಂಡೆಯಲ್ಲಿ ನಿಂತು ತುಟಿ ಅದುರಿಸಿ ಒಂದು ನಮೂನಿ ಸದ್ದು ಮಾಡಿದಳೆಂದರೆ ಹನ್ನೊಂದು ಆಡು ಎಲ್ಲಿದ್ದರೂ ಬರುತ್ತವೆ. ನಿಜ ಹೇಳಬೇಕೆಂದರೆ ಅಲ್ಲಿಯ ತನಕ ನನಗೆ ಅದರ ನಾಚಿಕೆ ಇತ್ತು. ಅವತ್ತಿನಿಂದ ಸೊಕ್ಕು ಬಂತು. “ನನಗೂ ಬರ್ತೈತಿ, ನೋಡ್ರಿ ಬೇಕಾರ” ಅಂದೆ.

ಮರುದಿನ ಆಯಿತವಾರ ನಾಲ್ಕು ಮಂದಿ ಗೆಳೆಯರು ಬಂದರು. ದೊಡ್ಡವ್ವ ತೊಪ್ಪಲು ಕೊಯ್ಯಲು ಹೋಗಿದ್ದಳು. ನಾನು ರಸ್ತೆಯ ಈ ಕಡೆ ನಿಂತು ಅವಳ ಹಾಗೆಯೇ ಸದ್ದು ಮಾಡಿದೆ. ಬಂದವು! ಹನ್ನೊಂದೂ ಬಂದವು. ಆದರೆ ರಸ್ತೆಯ ಮೇಲೆ ಒಬ್ಬರು ಗೋವಿನಜೋಳ ಒಣಗಲು ಹಾಕಿದ್ದರು. ಆಡು ಅಲ್ಲಿಯೇ ನಿಂತವು. ಗೆಳೆಯರು ಚಪ್ಪಾಳೆ ತಟ್ಟುತ್ತಿದ್ದರು, ನಾನು ನಗುತ್ತಾ ನಿಂತಿದ್ದೆ. ಹೊಡೆದು ಓಡಿಸುವಷ್ಟರಲ್ಲಿ ಸಾಕಷ್ಟು ತಿಂದಿದ್ದವು.

ರಾತ್ರಿ ಸಣ್ಣ ಮರಿಯ ಹೊಟ್ಟೆ ಉಬ್ಬಿತು. ದೊಡ್ಡವ್ವ ಎಣ್ಣೆ ಕುಡಿಸಿದಳು, ಹೊಟ್ಟೆ ತಿಕ್ಕಿದಳು, ಅಂಗಳದಲ್ಲಿ ಅಡ್ಡಾಡಿಸಿದಳು. ಕೋಳಿ ಕೂಗುವ ಮೊದಲೇ ಅದು ಸತ್ತಿತು. ಅದಕ್ಕಿನ್ನೂ ಹೆಸರು ಇಟ್ಟಿರಲಿಲ್ಲ. ಯುಗಾದಿ ಹೊತ್ತಿಗೆ ಮಾರಿ ನನ್ನ ನೋಟಬುಕ್ಕು, ಚಪ್ಪಲಿ ತರುವುದೆಂದು ಮಾತಾಗಿತ್ತು. “ಏನ ತಿಂದಿತ್ತೋ ತಮ್ಮಾ?” ಅಂದಳು. “ನನಗ ಗೊತ್ತಿಲ್ಲ” ಅಂದೆ.

ನಾಲ್ಕನೇ ಶನಿವಾರ ಸರ್ ಮುಂದಿನ ಕಥೆ ಹೇಳಿದರು. ಆ ಹುಡುಗ ಮಾಂತ್ರಿಕರ ಸಾಲಿಗೆ ಹೋಗುತ್ತಾನೆ. ಅಲ್ಲಿ ಮಂತ್ರವೆಂದರೆ ಹೆಸರು. ಪ್ರತಿಯೊಂದಕ್ಕೂ ಒಂದು ನಿಜವಾದ ಹೆಸರಿದೆ, ಅದು ಗೊತ್ತಿದ್ದವನ ಮಾತು ಅದು ಕೇಳುತ್ತದೆ. (ಸವಣೂರಿನ ದೊಡ್ಡಹುಣಸೆ ಮರ ನೆನಪಾಯಿತು. ಅದು ಹುಣಸೆಯೇ ಅಲ್ಲ, ಆಫ್ರಿಕಾದ ಬಾವೊಬಾಬ್. ನಾವು ಕರೆಯುವ ಹೆಸರಿಗೆ ಅದು ತಿರುಗಿಯೂ ನೋಡಲಿಕ್ಕಿಲ್ಲ.) ಒಂದು ರಾತ್ರಿ ಜೊತೆಯವನೊಬ್ಬ ಕೆಣಕಿದನೆಂದು ನಮ್ಮ ಹುಡುಗ ಸೊಕ್ಕಿನಿಂದ ಸತ್ತವರನ್ನೇ ಕರೆಯುತ್ತಾನೆ. ಅವರ ಜೊತೆ ಒಂದು ಕರೀ ನೆರಳು ಹೊರಬಿದ್ದು ಅವನ ಮುಖ ಹರಿಯುತ್ತದೆ. ಅದನ್ನು ತಡೆಯಲು ಹೋಗಿ ಸಾಲಿಯ ಹಿರಿಯ ಗುರುಗಳು ಜೀವ ಬಿಡುತ್ತಾರೆ. ಆಮೇಲೆ ಅವನು ಹೋದಲ್ಲೆಲ್ಲ ನೆರಳು ಬರುತ್ತದೆ. ಮೊದಲ ಗುರು ಹೇಳುತ್ತಾರೆ, ಓಡಬೇಡ, ತಿರುಗಿ ನಿಂತು ಅದನ್ನೇ ಹುಡುಕಿಕೊಂಡು ಹೋಗು ಎಂದು. ಕಡೆಗೆ ಸಮುದ್ರದ ತುದಿಯಲ್ಲಿ ಅದು ಸಿಗುತ್ತದೆ. ಅದರ ಹೆಸರು ಏನಿರಬೇಕು? ಅವನದೇ ಹೆಸರು.

ಅವತ್ತು ಸಾಲಿ ಬಿಟ್ಟ ಮೇಲೆ ನಾನು ಕ್ರಿಕೆಟ್ಟಿಗೆ ಬರಲಿಲ್ಲ. ಯಾಕೆಂದು ನೀವು ಕೇಳಿದ್ದಿರಿ.

ಎರಡು ದಿನ ಬಿಟ್ಟು ಸೋಮವಾರ ರಾತ್ರಿ ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮುಂದೆ ಕೂತು, “ದೊಡ್ಡವ್ವಾ, ಆ ಮರಿ ಗೋವಿನಜ್ವಾಳ ತಿಂದಿತ್ತು. ಕರದಾಂವ ನಾನ” ಅಂದೆ.

ಅವಳು ರೊಟ್ಟಿ ಹೊಳ್ಳಿಸಿ ಹಾಕಿದಳು. “ಗೊತ್ತೈತಿ. ಬಾಯಾಗ ಕಾಳ ಇದ್ದುವು.”

“ಮತ್ಯಾಕ ಬೈಲಿಲ್ಲ?”

“ನೀ ಹೇಳ್ತಿ ಅಂತ ಕಾದೆ.”

ನನಗೆ ಅಳು ಬಂತು. ಹೊಗೆ ಅಂದೆ. ಆಮೇಲೆ ಅವಳಿಗೆ ಪೂರಾ ಕಥೆ ಹೇಳಿದೆ. ನೆರಳು, ಸಮುದ್ರ, ಮಾಂತ್ರಿಕರ ಸಾಲಿ, ಎಲ್ಲ. ಅವಳು ಹೂಂ ಹೂಂ ಅನ್ನುತ್ತ ಕೇಳಿ ಕಡೆಗೆ ಒಂದೇ ಮಾತು ಕೇಳಿದಳು. “ಅಲ್ಲೋ, ಆ ಹುಡುಗ ಸಾಲಿಗೆ ಹ್ವಾದಮ್ಯಾಲೆ ಅವನ ಆಡು ಯಾರು ಕಾಯ್ದ್ರು?”

ನನಗೆ ಗೊತ್ತಿರಲಿಲ್ಲ. ಮರುದಿನ ಸರ್ ಅವರನ್ನು ಕೇಳಿದೆ. ಅವರು ಪುಸ್ತಕ ತೆಗೆದು ಬಹಳ ಹೊತ್ತು ಹಾಳೆ ತಿರುವಿದರು. “ಇದರಾಗ ಬರದಿಲ್ಲಪ್ಪ” ಅಂದರು.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ