ಪ್ಲಗ್ಗಿನ ಬಣ್ಣ ನೋಡುವವರು

ತೀರ್ಥಹಳ್ಳಿ ಸೀಮೆಯ ಮಳೆಯಲ್ಲಿ ಬೈಕ್ ಓಡಿಸಿದವರಿಗೆ ಕಾರ್ಬೊರೇಟರ್ ಮೇಲೆ ಅಂಥ ಪ್ರೀತಿಯೇನೂ ಇರುವುದಿಲ್ಲ. ಅದನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವವರು ಹೆಚ್ಚಾಗಿ ಬೆಂಗಳೂರಿನಲ್ಲಿದ್ದಾರೆ. ಹಳೆಯ ಆರ್‌ಎಕ್ಸ್ 100 ಒಂದನ್ನು ದುಬಾರಿ ಬೆಲೆ ಕೊಟ್ಟು ತಂದು, ಭಾನುವಾರ ಬೆಳಿಗ್ಗೆ ಒರೆಸಿ, ನಂದಿ ಬೆಟ್ಟದ ಬುಡದವರೆಗೆ ಹೋಗಿ ಇಡ್ಲಿ ತಿಂದು ಬರುತ್ತಾರೆ. ತಪ್ಪೇನಿಲ್ಲ. ನಮ್ಮಲ್ಲಿ ಮಾತ್ರ ಬೈಕ್ ಎಂದರೆ ಅಡಿಕೆ ಮಂಡಿಗೆ, ಸೊಸೈಟಿಗೆ, ಯಾರಿಗಾದರೂ ಹುಷಾರಿಲ್ಲದಾಗ ರಾತ್ರಿ ಜೀಪು ಹುಡುಕಲಿಕ್ಕೆ ಇದ್ದ ಸಾಧನ. ಅದು ಸ್ಟಾರ್ಟ್ ಆಗಬೇಕಿತ್ತು, ಅಷ್ಟೆ. ಎಷ್ಟೋ ಬೆಳಿಗ್ಗೆ ಆಗುತ್ತಿರಲಿಲ್ಲ.

ನನ್ನ ಸೋದರಮಾವನದು ಮೈಸೂರಿನ ಯಾದವಗಿರಿ ಕಾರ್ಖಾನೆಯಲ್ಲಿ ತಯಾರಾದ ಜಾವಾ. ಪೆಟ್ರೋಲ್ ಕಾಕ್ ತಿರುಗಿಸಿ, ಕಾರ್ಬೊರೇಟರ್ ಪಕ್ಕದ ಪುಟ್ಟ ಗುಂಡಿಯನ್ನು ಒತ್ತಿ ಹಿಡಿಯಬೇಕು. ಗುಂಡಿ ಒಳಗಿನ ಫ್ಲೋಟನ್ನು ಕೆಳಗೆ ಅದುಮುತ್ತದೆ, ಬಟ್ಟಲಿನಲ್ಲಿ ಪೆಟ್ರೋಲ್ ಏರಿ ಉಕ್ಕುತ್ತದೆ. ಕಡಿಮೆ ಒತ್ತಿದರೆ ಹತ್ತದು. ಹೆಚ್ಚಾದರೆ ಓವರ್‌ಫ್ಲೋ ಆಗಿ ಪ್ಲಗ್ ಒದ್ದೆ. ಬಿಚ್ಚಿ, ಒರೆಸಿ, ಮತ್ತೆ ಮೊದಲಿನಿಂದ. ಎಷ್ಟು ಒತ್ತಬೇಕು ಮಾವ ಎಂದು ಕೇಳಿದರೆ "ಅದು ಗೊತ್ತಾಗ್ತದೆ ಮಾರಾಯ" ಎನ್ನುತ್ತಿದ್ದರು. ಮಾವನಿಗೆ ಗೊತ್ತಾಗುತ್ತಿತ್ತು. ಅವರು ಊರಲ್ಲಿಲ್ಲದ ದಿನ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಗಾಡಿ ಕೊಟ್ಟಿಗೆಯಲ್ಲೇ ನಿಂತಿರುತ್ತಿತ್ತು.

ಕಾರ್ಬೊರೇಟರಿನ ಒಳಗೆ ನಡೆಯುವುದು ಸರಳ. ಎಂಜಿನ್ ಎಳೆದುಕೊಳ್ಳುವ ಗಾಳಿ ಕಿರಿದಾದ ಗಂಟಲಿನಲ್ಲಿ ಹಾಯುವಾಗ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಇಳಿದ ಒತ್ತಡ ಕೆಳಗಿನ ಬಟ್ಟಲಿನಿಂದ ಜೆಟ್ ಮೂಲಕ ಪೆಟ್ರೋಲನ್ನು ಮೇಲೆ ಸೆಳೆಯುತ್ತದೆ. ನಿಂತಲ್ಲೇ ಓಡುವಾಗ ಪೈಲಟ್ ಜೆಟ್, ಎಕ್ಸಿಲರೇಟರ್ ತಿರುಗಿಸಿದಂತೆ ಮೇಲೇಳುವ ಸೂಜಿ, ಪೂರ್ತಿ ತಿರುಗಿಸಿದಾಗ ಮೇನ್ ಜೆಟ್. ವಿದ್ಯುತ್ತು ಬೇಡ, ಲೆಕ್ಕ ಬೇಡ. ತೊಂದರೆ ಏನೆಂದರೆ, ಗಾಳಿ ಇವತ್ತು ದಪ್ಪಗಿದೆಯೋ ತೆಳ್ಳಗಿದೆಯೋ ಅದಕ್ಕೆ ತಿಳಿಯದು. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದ ಬೆಂಗಳೂರಿನಲ್ಲಿ ಟ್ಯೂನ್ ಮಾಡಿಸಿದ ಗಾಡಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಬಂದರೆ ಅಲ್ಲಿನ ದಪ್ಪ ಗಾಳಿಗೆ ಪೆಟ್ರೋಲ್ ಸ್ವಲ್ಪ ಕಡಿಮೆ ಬೀಳುತ್ತದೆ. ಲಡಾಖಿನ ಖಾರ್ದುಂಗ್ ಲಾಗೆ ಬುಲೆಟ್ ಹತ್ತಿಸಿದವರ ಕಥೆ ಇದರ ತಿರುವುಮುರುವು: ಗಾಳಿ ಸಾಲದು, ಪೆಟ್ರೋಲ್ ಹೆಚ್ಚು, ಹೊಗೆ ಕಪ್ಪು, ಗಾಡಿ ಏದುಸಿರು. ಕಾರ್ಬೊರೇಟರ್ ಯಾವತ್ತೂ ಒಂದು ಊರಿಗೆ, ಒಂದು ಹವೆಗೆ ಹೊಂದಿಸಿಟ್ಟದ್ದು. ಉಳಿದೆಡೆ ಅದು ಅಂದಾಜಿನಲ್ಲಿ ಕೆಲಸ ಮಾಡುತ್ತಿತ್ತು.

ಮಳೆಗಾಲದಲ್ಲಿ ಈ ಅಂದಾಜು ಪೂರಾ ಕೈಕೊಡುತ್ತಿತ್ತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಟ್ಯಾಂಕಿನ ಮುಚ್ಚಳದಿಂದ ಒಳಗಿಳಿದ ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕೆ ಹೋಗುತ್ತದೆ, ಅಲ್ಲಿಂದ ಕಾರ್ಬೊರೇಟರ್ ಬಟ್ಟಲಿಗೆ. ಜೆಟ್‌ಗಳಿರುವುದೂ ಬಟ್ಟಲಿನ ತಳದಲ್ಲೇ. ಘಾಟಿಯ ತಿರುವಿನಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಕೊಡೆ ಹಿಡಿಯಲು ಒಬ್ಬ, ಬಟ್ಟಲಿನ ಸ್ಕ್ರೂ ಸಡಿಲಿಸಿ ನೀರು ಬಸಿಯಲು ಇನ್ನೊಬ್ಬ. ರಸ್ತೆ ಬದಿಯಲ್ಲೇ ದುರಸ್ತಿಯಾಗುತ್ತಿತ್ತಲ್ಲ ಎಂದು ಇದನ್ನು ಈಗ ಹೊಗಳುತ್ತಾರೆ. ರಸ್ತೆ ಬದಿಯಲ್ಲಿ ದುರಸ್ತಿ ಮಾಡಬೇಕಾಗಿ ಬರುತ್ತಿದ್ದದ್ದೂ ಅದೇ ಕಾರ್ಬೊರೇಟರಿನಿಂದ.

ಆರ್‌ಎಕ್ಸ್ ವಾಸನೆಯನ್ನು ನೆನೆಸುವವರಿಗೂ ಒಂದು ಮಾತು. ಆ ಬಗೆಯ ಟು ಸ್ಟ್ರೋಕ್ ಎಂಜಿನ್‌ನಲ್ಲಿ ಹೊಸ ಮಿಶ್ರಣ ಒಳಬರುವಾಗಲೇ ಹೊಗೆ ಹೋಗುವ ಕಂಡಿಯೂ ತೆರೆದಿರುತ್ತದೆ. ಒಳಬಂದ ಪೆಟ್ರೋಲಿನ ಒಂದು ಪಾಲು ಸುಡದೆ ಹಾಗೇ ಸೈಲೆನ್ಸರಿನಿಂದ ಆಚೆ ಹೋಗುತ್ತದೆ. ಮೂಗಿಗೆ ಹಿತವಾಗಿದ್ದದ್ದು ನಮ್ಮ ಜೇಬಿನ ದುಡ್ಡು.

ಕಾರ್ಬೊರೇಟರಿನ ಜಾಗಕ್ಕೆ ಈಗ ಬಂದಿರುವ ಇಂಜೆಕ್ಷನ್, ಅಂದರೆ ಇಂಧನವನ್ನು ಒತ್ತಡದಲ್ಲಿ ಅಳೆದು ಚಿಮ್ಮಿಸುವ ವಿಧಾನ, ನಮ್ಮ ನಾಡಿಗೆ ಹೊಸದೇನೂ ಆಗಿರಲಿಲ್ಲ. 1951ರಲ್ಲಿ ಆರಂಭವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಎಂಜಿನ್‌ಗಳ ಇಂಜೆಕ್ಷನ್ ಪಂಪುಗಳನ್ನೂ ಸ್ಪಾರ್ಕ್ ಪ್ಲಗ್ಗುಗಳನ್ನೂ ತಯಾರಿಸುತ್ತಿತ್ತು. ಅದೀಗ ಬಾಷ್. ಲಾರಿ, ಟ್ರ್ಯಾಕ್ಟರುಗಳಿಗೆ ಪಂಪು ಹೋಯಿತು, ಬೈಕಿನವರಿಗೆ ಸಿಕ್ಕಿದ್ದು ಮೈಕೋ ಪ್ಲಗ್ ಮಾತ್ರ. ಬೈಕಿಗೆ ಇಂಜೆಕ್ಷನ್ ಬರಲು ಕಾರಣವಾದದ್ದು ಸವಾರರ ಕಷ್ಟವಲ್ಲ, ಹೊಗೆಯ ಕಾನೂನು. ಅದೂ ಎಳೆದಾಡುತ್ತ. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂತು, ಹೆಚ್ಚಿನ ಬೆಲೆಗೆ ಜನ ಮೂಗು ಮುರಿದರು. 2007ರಲ್ಲಿ ಬಜಾಜ್ ಪಲ್ಸರ್ 220 ಇಂಜೆಕ್ಷನ್ ಹಾಕಿಕೊಂಡೇ ಬಂತು. 2009ರಲ್ಲಿ ಅದೇ ಪಲ್ಸರನ್ನು ಕಾರ್ಬೊರೇಟರ್ ಕೂರಿಸಿ ಕಡಿಮೆ ಬೆಲೆಗೆ ಮಾರಿದರು. ಅದು ಚೆನ್ನಾಗಿಯೇ ಓಡಿತು. ಅದೇ 2009ರಲ್ಲಿ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 500ಕ್ಕೆ ಇಂಜೆಕ್ಷನ್ ಕೊಟ್ಟರೂ ಹೆಚ್ಚು ಖರ್ಚಾಗುತ್ತಿದ್ದ 350ಕ್ಕೆ ಕಾರ್ಬೊರೇಟರನ್ನೇ ಉಳಿಸಿಕೊಂಡಿತು. ಮುಂದೆ ಹತ್ತು ವರ್ಷ ಹೀಗೇ ನಡೆಯಿತು.

2020ರ ಏಪ್ರಿಲ್ 1ರಿಂದ ಬಿಎಸ್ 6 ಎಂಬ ಹೊಗೆಯ ನಿಯಮ ಕಡ್ಡಾಯವಾದಾಗ ಈ ಹಗ್ಗಜಗ್ಗಾಟ ಮುಗಿಯಿತು. ಸೈಲೆನ್ಸರಿನೊಳಗಿನ ಕೆಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಪ್ರಮಾಣದ ಆಸುಪಾಸಿನಲ್ಲೇ ಮಿಶ್ರಣ ಇರಬೇಕು. ಅಂದಾಜಿನ ಯಂತ್ರಕ್ಕೆ ಅದು ಸಾಧ್ಯವಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್ ಅಳೆದು ಹೇಳಬೇಕು, ಟ್ಯಾಂಕಿನೊಳಗಿನ ಪಂಪು ಟೈರಿನ ಗಾಳಿಗಿಂತ ಹೆಚ್ಚಾದ, ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ತಳ್ಳಬೇಕು, ಇಂಜೆಕ್ಟರ್ ಕೆಲವೇ ಮಿಲಿಸೆಕೆಂಡು ಬಾಯಿ ತೆರೆದು ಮುಚ್ಚಬೇಕು. ಸೋದರಮಾವನ ಬೆರಳು ಮಾಡುತ್ತಿದ್ದ ಕೆಲಸ ಈಗ ಸೀಟಿನಡಿಯ ಪೆಟ್ಟಿಗೆಯದು. ಅದು ಊರಲ್ಲಿಲ್ಲ ಎನ್ನುವ ಪ್ರಶ್ನೆಯೇ ಇಲ್ಲ. ಜುಲೈ ತಿಂಗಳ ಬೆಳಿಗ್ಗೆ ಆರು ಗಂಟೆಗೆ ನನ್ನ ತಂಗಿಯ ಮಗಳು ಬಟನ್ ಒತ್ತಿ ಕಾಲೇಜಿಗೆ ಹೊರಡುತ್ತಾಳೆ. ಚೋಕ್ ಎಂದರೇನೆಂದು ಅವಳಿಗೆ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ನನಗೆ ಕಾಣುವುದಿಲ್ಲ.

ಹಾಗಾದರೆ ಕಳೆದುಹೋದದ್ದು ಏನೂ ಇಲ್ಲವೇ? ಇದೆ, ಗ್ಯಾರೇಜಿನ ಕಡೆಯಿಂದ ನೋಡಬೇಕು. ಬಸ್‌ಸ್ಟ್ಯಾಂಡ್ ಹಿಂದೆ ಸಾಬರ ಗ್ಯಾರೇಜಿತ್ತು. ಸಾಬರು ಗಾಡಿ ಬಂದ ಕೂಡಲೇ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಿದ್ದರು. ತುದಿ ಮಸಿಯಾಗಿದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಕಾಫಿಪುಡಿಯ ಬಣ್ಣವಿದ್ದರೆ "ಇದಕ್ಕೇನೂ ಆಗಿಲ್ಲ, ತಗೊಂಡು ಹೋಗಿ". ಜೆಟ್ಟಿನಲ್ಲಿ ಕಸ ಕಟ್ಟಿದ್ದರೆ ವಯರಿನ ತಾಮ್ರದ ಎಳೆಯೊಂದನ್ನು ತೂರಿಸಿ, ಬಾಯಿಂದ ಊದಿ, ಸ್ಕ್ರೂ ಕಾಲು ಸುತ್ತು ತಿರುಗಿಸಿ ಕಿವಿಗೊಟ್ಟು ಕೇಳುತ್ತಿದ್ದರು. ಎಂಥ ಮೆಕ್ಯಾನಿಕ್ಕನ ಕಿವಿಯೂ ಸೆನ್ಸರಿನಷ್ಟು ನಿಖರವಲ್ಲ, ಸಾಬರದ್ದೂ ಅಲ್ಲ. ಮೈಲೇಜ್ ಬರಲಿಲ್ಲವೆಂದು ವಾರದೊಳಗೆ ವಾಪಸು ಬರುವವರು ಇದ್ದೇ ಇದ್ದರು. ಆದರೆ ಗಾಡಿಯೊಳಗಿನದೆಲ್ಲ ಅವರ ಕಣ್ಣಿಗೆ ಬೀಳುವಂತಿತ್ತು. ತಪ್ಪು ಹೊಂದಿಸಿದ್ದರೆ ಇನ್ನೊಬ್ಬರು ತಿರುಗಿಸಿ ಸರಿಮಾಡಬಹುದಿತ್ತು.

ಈಗ ಅಲ್ಲಿ ಅವರ ಮಗ ಕೂರುತ್ತಾನೆ. ಗಾಡಿಯ ಮೀಟರಿನಲ್ಲಿ ಹಳದಿ ದೀಪ ಹತ್ತಿದರೆ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದುತ್ತಾನೆ. ಸ್ಕ್ಯಾನರ್ ಸಾಲ ಮಾಡಿ ತಂದದ್ದು, ಎಲ್ಲ ಕಂಪನಿಯ ಗಾಡಿಗೂ ಅದು ಪೂರ್ತಿ ಬಾಯಿಬಿಡುವುದಿಲ್ಲ. ಕೆಲವು ಕೆಲಸಕ್ಕೆ ಶೋರೂಮಿನ ಸಾಫ್ಟ್‌ವೇರೇ ಆಗಬೇಕು. ನನಗೆ ಸಿಟ್ಟಿರುವುದು ಇಲ್ಲಿ, ಇಂಜೆಕ್ಷನ್ ಮೇಲಲ್ಲ. ತಂತ್ರಜ್ಞಾನ ಕಷ್ಟದ್ದಾದರೆ ಕಲಿಯಬಹುದು, ಬಾಗಿಲಿಗೆ ಬೀಗ ಹಾಕಿದರೆ ಕಲಿಯುವುದೆಲ್ಲಿ? ದುಡ್ಡೂ ಬೇರೆ ದಾರಿ ಹಿಡಿದಿದೆ. ಹಿಂದೆ ಸವೆದ ಸೂಜಿ ಅಥವಾ ವಾಷರ್ ಬದಲಾಯಿಸಿದರೆ ಮುಗಿಯುತ್ತಿತ್ತು. ಈಗ ಪೆಟ್ರೋಲ್ ಪಂಪು ಕೆಟ್ಟರೆ ಸಾಮಾನ್ಯವಾಗಿ ಇಡೀ ಸೆಟ್ಟೇ ಹೊಸದು. ಅದು ಕೆಡುವುದಕ್ಕೆ ನಮ್ಮ ಹಳೆಯ ಚಾಳಿಯೂ ಒಂದು ಕಾರಣ. ರಿಸರ್ವಿನಲ್ಲೇ ವಾರಗಟ್ಟಲೆ ಓಡಿಸಿದವರು ನಾವು. ಈಗಿನ ಪಂಪಿಗೆ ತಂಪು ಸಿಗುವುದೇ ಟ್ಯಾಂಕಿನ ಪೆಟ್ರೋಲಿನಿಂದ. ಖಾಲಿ ಟ್ಯಾಂಕಿನಲ್ಲಿ ಅದು ಬಿಸಿಯಾಗಿ ಬೇಗ ಸಾಯುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವುದೂ ಹೆಚ್ಚಿನ ಗಾಡಿಗಳಲ್ಲಿ ಆಗದು.

ಹಳೆ ಗಾಡಿ ಇಟ್ಟುಕೊಂಡವರಿಗೆ ಈಗ 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್ ಇನ್ನೊಂದು ತಲೆನೋವು. ಎಥನಾಲಿಗೆ ಬೇಕಾಗುವ ಗಾಳಿ ಕಡಿಮೆ, ಹಾಗಾಗಿ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳ್ಳಗಾಗುತ್ತದೆ. ಇಂಜೆಕ್ಷನ್ ಗಾಡಿ ಇದನ್ನು ಒಂದಷ್ಟು ತಾನೇ ಸರಿದೂಗಿಸಿಕೊಳ್ಳುತ್ತದೆ. ಎಥನಾಲ್ ನೀರನ್ನೂ ಹೀರುತ್ತದೆ, ಹಳೆಯ ರಬ್ಬರ್ ವಾಷರುಗಳು ಉಬ್ಬುತ್ತವೆ. ಹೀಗಾಗಿ ಸಾಬರ ಮಗನಿಗೆ ಕಾರ್ಬೊರೇಟರ್ ಕೆಲಸವೂ ನಿಂತಿಲ್ಲ.

ಸ್ಕ್ಯಾನರ್ ಹೇಳುವುದು ಯಾವ ಸೆನ್ಸರ್ ಮಾತಾಡುತ್ತಿಲ್ಲ ಎಂದಷ್ಟೆ. ಯಾಕೆಂದು ಹೇಳದು. ಕಳೆದ ಮಳೆಗಾಲದಲ್ಲಿ ಅಂಥ ಒಂದು ಗಾಡಿಯ ಸೀಟು ಬಿಚ್ಚಿ, ಬೆಚ್ಚಗಿದೆಯೆಂದು ಒಳಗೆ ಸೇರಿದ ಇಲಿ ಕಡಿದಿದ್ದ ವಯರನ್ನು ಅವನು ಹುಡುಕಿ ತೆಗೆದ. ಜೋಡಿಸಿ ಟೇಪು ಸುತ್ತಿದ, ದೀಪ ಆರಿತು. ಗಿರಾಕಿ ವಯರಿನ ದುಡ್ಡು ಕೊಟ್ಟು, ಸ್ಕ್ಯಾನ್ ಚಾರ್ಜ್ ಕೊಡಲು ತಕರಾರು ತೆಗೆದರು: "ನಿಮ್ಮ ಅಪ್ಪ ಪ್ಲಗ್ ನೋಡಿದ್ದಕ್ಕೆ ಯಾವತ್ತಾದ್ರೂ ದುಡ್ಡು ತಗೊಂಡಿದ್ರೇನೋ?"

"ಅಪ್ಪ ಕಣ್ಣಿಗೆ ಇಎಂಐ ಕಟ್ತಿರ್ಲಿಲ್ಲ ಅಣ್ಣ" ಎಂದ ಹುಡುಗ.