ಬಿಚ್ಚದ ಪೊಟ್ಟಣ

ಮಲೆನಾಡಿನಲ್ಲಿ ಒಂದು ವಸ್ತುವನ್ನು ಕಾಪಾಡುವುದೆಂದರೆ ಮಳೆಯೊಡನೆ ವ್ಯಾಜ್ಯ ಹೂಡಿದಂತೆ. ಸಕಲೇಶಪುರ ತಾಲ್ಲೂಕಿನ ಯಸಳೂರು ಸೀಮೆಯಲ್ಲಿ ಜ್ಯೇಷ್ಠದಲ್ಲಿ ಹಿಡಿದ ಮಳೆ ಭಾದ್ರಪದದವರೆಗೂ ಬಿಡುವು ಕೊಡುವುದು ಅಪರೂಪ. ಆ ದಿನಗಳಲ್ಲಿ ಪೆಟ್ಟಿಗೆಯೊಳಗಣ ಪೀತಾಂಬರಕ್ಕೆ ಬೂಷ್ಟು ಹಿಡಿಯುತ್ತದೆ. ಪುಸ್ತಕಗಳ ರಟ್ಟು ಉಬ್ಬುತ್ತದೆ. ಅಂತಹ ಸೀಮೆಯ ಒಂದು ಮನೆಯಲ್ಲಿ ನೂರು ವರ್ಷಗಳಿಗೂ ಹಿಂದಣ ಸಿಗರೇಟಿನ ಪೊಟ್ಟಣವೊಂದು ಬಿಚ್ಚದೆ ಉಳಿದಿತ್ತೆಂದರೆ ಅದಕ್ಕೆ ಕಾರಣವಿರಲೇಬೇಕಷ್ಟೆ.

ಮನೆಯ ಯಜಮಾನರು ನಿವೃತ್ತರಾದ ಉಪಾಧ್ಯಾಯರು. ಎಂಬತ್ತರ ಸಮೀಪದ ವಯಸ್ಸು. ಅವರ ಅಜ್ಜಯ್ಯ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ದೊರೆಗಳ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದವರು. ಒಂದು ಬಟವಾಡೆಯ ದಿನ ಹತ್ತು ಸಿಗರೇಟಿನ ಸಿಸರ್ಸ್ ಪೊಟ್ಟಣವನ್ನು ಕೊಂಡು ಮನೆಗೆ ಬಂದರು. ಅಂದೇ ಮಡದಿಯ ಮಾತಿಗೆ ಕಟ್ಟುಬಿದ್ದು ಸೇದುವುದನ್ನು ಬಿಟ್ಟರು. ಆದರೆ ಪೊಟ್ಟಣವನ್ನು ಎಸೆಯಲಿಲ್ಲ. ಕೈಗೆ ಎಟಕುವಲ್ಲಿದ್ದೂ ಮುಟ್ಟದಿದ್ದರೆ ಮಾತ್ರವೇ ಬಿಟ್ಟಂತೆ ಎಂಬುದು ಅವರ ಮತ. ಅಜ್ಜಿ ವರ್ಷವರ್ಷವೂ ಮಳೆಗಾಲ ಕಳೆದಮೇಲೆ ಅದನ್ನು ಬಿಸಿಲಿಗಿಟ್ಟು, ನಾಲ್ಕು ಕಡೆಯೂ ತಿರುವಿ ನೋಡಿ, ಮರಳಿ ಸಂದೂಕಕ್ಕೆ ಸೇರಿಸುತ್ತಿದ್ದರಂತೆ.

ಈ ಪೊಟ್ಟಣಕ್ಕೆ ಬೆಲೆಯುಂಟೆಂಬ ಸಂಗತಿಯನ್ನು ತಂದವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗ. ವಿಲ್ಸ್ ಕಂಪೆನಿಯವರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಸಿಗರೇಟಿನ ಪೊಟ್ಟಣದೊಳಗೆ ಒಂದೊಂದು ಚಿತ್ರದ ಚೀಟಿಯನ್ನು ಇಡುತ್ತಿದ್ದರು. ಪೊಟ್ಟಣ ಮುದುರದಂತೆ ಒತ್ತಾಗಿಡುತ್ತಿದ್ದ ರಟ್ಟಿನ ತುಂಡೇ ಹೀಗೆ ಚಿತ್ರವಾಯಿತು. 1896ರಲ್ಲಿ ಕ್ರಿಕೆಟ್ ಆಟಗಾರರ ಮಾಲೆ ಬಂದಿತು. ಸಿಸರ್ಸ್ ಹೆಸರಿನಲ್ಲಿ ಭಾರತದ ಸೈನ್ಯದಳಗಳ ಮಾಲೆಯೂ ಬಂದಿತು. 1940ರಲ್ಲಿ ಯುದ್ಧದ ಕಾಗದದ ಕೊರತೆಯಿಂದ ಇಂಗ್ಲೆಂಡಿನಲ್ಲಿ ಈ ಪದ್ಧತಿ ನಿಂತುಹೋಯಿತು. ಅಮೆರಿಕದಲ್ಲಾದರೋ ಬೇಸ್‌ಬಾಲ್ ಆಟಗಾರರ ಚೀಟಿಗಳು ಹೊಗೆಸೊಪ್ಪಿನ ಸಂಗ ಬಿಟ್ಟು ಅಗಿಯುವ ಗಮ್ಮಿನ ಸಂಗ ಹಿಡಿದುವು. 1952ರಲ್ಲಿ ಟಾಪ್ಸ್ ಕಂಪೆನಿಯವರು ಅಚ್ಚು ಹಾಕಿಸಿದ ಮಿಕಿ ಮ್ಯಾಂಟಲ್ ಎಂಬ ಆಟಗಾರನ ಒಂದು ಚೀಟಿ 2022ರಲ್ಲಿ 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಆ ಕಾಲದ ಬಿಚ್ಚದ ಪೊಟ್ಟಣಗಳನ್ನು ಕೊಂಡು ಬಿಚ್ಚದೆಯೇ ಇಡುವವರೂ ಅಲ್ಲಿ ಹಲವರು. ಒಳಗೆ ಮ್ಯಾಂಟಲ್ ಇರಬಹುದು, ಯಾರೂ ಅರಿಯದ ಆಟಗಾರನೂ ಇರಬಹುದು. ಬಿಚ್ಚುವವರೆಗೆ ಇಬ್ಬರೂ ಇದ್ದಾರೆ. ಸತ್ಯಕ್ಕಿಂತ ಸಂದೇಹಕ್ಕೇ ಹೆಚ್ಚು ಬೆಲೆ ಬರುವ ಪೇಟೆ ಇದೊಂದೇ ಇರಬೇಕು! ಅದಕ್ಕೂ ಈಗ ಕುತ್ತು ಬಂದಿದೆ: 2024ರಿಂದೀಚೆಗೆ ಕ್ಷಕಿರಣದ ಯಂತ್ರದಿಂದ ಪೊಟ್ಟಣವನ್ನು ಬಿಚ್ಚದೆ ಒಳಗಿನ ಚಿತ್ರವನ್ನು ಕಾಣುವ ಉಪಾಯವನ್ನು ಅಲ್ಲಿಯವರು ಕಂಡುಕೊಂಡಿದ್ದಾರೆ.

“ತಾತ, ಯಾರೂ ಇದನ್ನು ಮುಟ್ಟಬೇಡಿ,” ಎಂದು ಮೊಮ್ಮಗ ಕಟ್ಟಪ್ಪಣೆ ಮಾಡಿದ. ಮೇಷ್ಟರಿಗೆ ಮೂಡಬಿದಿರೆಯ ನೆನಪಾಯಿತು. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯ ತಾಳೆಗರಿಗಳು, ಜಯಧವಲಾ ಮತ್ತು ಮಹಾಬಂಧಗಳೊಡನೆ, ಹಳಗನ್ನಡ ಲಿಪಿಯಲ್ಲಿ ಅಲ್ಲಿಯ ಬಸದಿಯಲ್ಲಿದ್ದುವು. ಶತಮಾನಗಳ ಕಾಲ ಯಾತ್ರಿಕರಿಗೆ ದೊರೆತದ್ದು ಆ ಕಟ್ಟುಗಳ ದರ್ಶನ ಮಾತ್ರ, ಓದುವವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ತೊಡಗಿ ದಶಕಗಳ ಕಾಲ ನಡೆಯಿತು. 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಅಷ್ಟರೊಳಗೆ ಮಹಾಬಂಧದ ಕೆಲವು ಗರಿಗಳು ನಷ್ಟವಾಗಿದ್ದುವು. ಕಟ್ಟಿಟ್ಟದ್ದರಿಂದಲೇ ಉಳಿದುವೆಂದು ಹೇಳಬಹುದು. ಬಿಚ್ಚಲು ತಡವಾದದ್ದರಿಂದಲೇ ಕೆಲವು ಅಳಿದುವೆಂದೂ ಹೇಳಬಹುದು. ಜೈನರಲ್ಲಿ ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಕಟ್ಟುವ ಸಂಪ್ರದಾಯವಿದೆ. ಆ ಏರ್ಪಾಟನ್ನು ಮಾಡಿದ ಹಿರಿಯರು ಹುಳುವಿನ ಸ್ವಭಾವವನ್ನು ಚೆನ್ನಾಗಿ ಬಲ್ಲವರು.

ಮೊಮ್ಮಗ ಇದನ್ನು ಒಪ್ಪಲಿಲ್ಲ. ಗ್ರಂಥವನ್ನು ಬಿಚ್ಚಿದರೆ ಗ್ರಂಥ ಉಳಿಯುತ್ತದೆ, ಪ್ರತಿಯೂ ಆಗುತ್ತದೆ. ಪೊಟ್ಟಣವನ್ನು ಬಿಚ್ಚಿದರೆ ಪೊಟ್ಟಣವೇ ಹೋಗುತ್ತದೆ ಎಂದ. ಈ ಮಾತಿನಲ್ಲಿ ಹುರುಳಿತ್ತು. ಮೇಷ್ಟರು ಸುಮ್ಮನಾದರು. ಅವರಿಗೂ ಬಿಚ್ಚುವ ಮನಸ್ಸಿರಲಿಲ್ಲ, ಆದರೆ ಅದಕ್ಕೆ ಕಾರಣ ಬೇರೆ: ಅಜ್ಜಯ್ಯನ ಮಾತನ್ನು ಮೊಮ್ಮಗನೇ ಮುರಿದಂತಾಗುವುದೆಂಬ ಅಳುಕು.

ಆ ವರ್ಷ ಮಳೆ ಹಿಂದೆಗೆದಮೇಲೆ ಸಂದೂಕವನ್ನು ತೆಗೆದಾಗ ಪೊಟ್ಟಣದ ಒಂದು ಮೂಲೆಯಿಂದ ಕಂದು ಬಣ್ಣದ ಹುಡಿ ಉದುರಿತು. ಒಳಗೆ ಹುಳು ಸೇರಿತ್ತು. ಮೊಮ್ಮಗ ಬೆಂಗಳೂರಿನಿಂದ ಬಂದ. ಬಿಚ್ಚಿದರೂ ನಷ್ಟ, ಬಿಚ್ಚದಿದ್ದರೂ ನಷ್ಟ ಎಂದು ಜಗಲಿಯಲ್ಲಿ ಬಹಳ ಹೊತ್ತು ಚರ್ಚೆ ನಡೆಯಿತು. ಮೇಷ್ಟರ ಅಕ್ಕ, ಅಜ್ಜಿಯ ಮಡಿಲಲ್ಲಿ ಬೆಳೆದವರು, ಅಡಕೆ ಕತ್ತರಿಸುತ್ತ ಎಲ್ಲವನ್ನೂ ಕೇಳುತ್ತಿದ್ದರು.

“ಅಜ್ಜಯ್ಯ ಬಿಟ್ಟದ್ದು ಸೇದುವುದನ್ನು ಕಣೋ, ನೋಡುವುದನ್ನಲ್ಲ. ನಾಡಿದ್ದು ಸರಸ್ವತೀಪೂಜೆಗೆ ಪುಸ್ತಕಗಳ ಜೊತೆಯಲ್ಲಿ ಇಡು. ವಿಜಯದಶಮಿಯ ದಿನ ಅವನ್ನು ತೆಗೆಯುವುದಿಲ್ಲವೆ? ಇದನ್ನೂ ತೆಗೆ,” ಎಂದರು.

ಹಾಗೆಯೇ ಆಯಿತು. ಮೇಷ್ಟರ ಕೈ ನಡುಗುತ್ತಿದ್ದುದರಿಂದ ಮೊಮ್ಮಗನೇ ಪೊಟ್ಟಣವನ್ನು ಬಿಚ್ಚಿದ. ಒಳಗೆ ಚೀಟಿ ಇತ್ತು. ರುಮಾಲು ಸುತ್ತಿದ ಯೋಧನೊಬ್ಬನ ಮುಖವೂ ಭುಜವೂ ಬಣ್ಣ ಮಾಸದೆ ಉಳಿದಿದ್ದುವು. ಅದರ ಕೆಳಗೆ ದಳದ ಹೆಸರಿದ್ದ ಭಾಗವನ್ನು ಹುಳು ತಿಂದಿತ್ತು. ಮೊಮ್ಮಗ ಬೆಲೆಯ ಮಾತೆತ್ತಲಿಲ್ಲ. ಚೀಟಿಯನ್ನು ಕಣದ ಬಿಸಿಲಿಗೊಯ್ದು, ಗಾಳಿಗೆ ಹಾರದಂತೆ ಅಂಚಿನ ಮೇಲೆ ಎರಡು ಕಾಫಿ ಬೀಜವನ್ನಿಟ್ಟು, ಪಕ್ಕದಲ್ಲೇ ಕುಳಿತ.

ಅಕ್ಕ ಪೊಟ್ಟಣವನ್ನು ತಮ್ಮ ಕೈಗೆ ತೆಗೆದುಕೊಂಡು ಸಿಗರೇಟುಗಳನ್ನು ಒಂದೊಂದಾಗಿ ತಟ್ಟೆಯ ಮೇಲಿಟ್ಟು ಎಣಿಸಿದರು. ಹತ್ತೂ ಇದ್ದುವು.